ಇಂಡಿಯಾ ಆಡದವಳು ಕೋಚ್ ಆಗಬಹುದಾ?

ಪ್ರಶ್ನೆ: ಮೇಡಂ, ನನಗೆ 33 ವರ್ಷ. ಹಾಸನ ಜಿಲ್ಲೆಯವಳು, ಈಗ ಬೆಂಗಳೂರಿನಲ್ಲಿದ್ದೇನೆ. ಎಂಟನೇ ಕ್ಲಾಸಿಗೆ ಸ್ಪೋರ್ಟ್ಸ್ ಹಾಸ್ಟೆಲ್ ಸೇರಿ ಬಾಸ್ಕೆಟ್‌ಬಾಲ್ ಕಲಿತೆ. ಸ್ಟೇಟ್ ಆಡಿದೆ, ನ್ಯಾಷನಲ್ಸ್ ಆಡಿದೆ. ಒಮ್ಮೆ ಇಂಡಿಯಾ ಕ್ಯಾಂಪ್‌ಗೆ ಕರೆದಿದ್ದರು, ಕೊನೆಯ ಹನ್ನೆರಡರಲ್ಲಿ ಹೆಸರು ಬರಲಿಲ್ಲ. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಕ್ಕಿ 11 ವರ್ಷ ಇಲಾಖೆ ತಂಡಕ್ಕೆ ಪಾಯಿಂಟ್ ಗಾರ್ಡ್ ಆಗಿ, ಅಂದರೆ ಬಾಲ್ ತಂದು ಆಟ ನಡೆಸುವವಳಾಗಿ, ಆಡಿದೆ. ಎರಡು ವರ್ಷದ ಹಿಂದೆ ಎಡ ಮೊಣಕಾಲಿನ ಎಸಿಎಲ್ ಅನ್ನುವ ಲಿಗಮೆಂಟ್ ಹರಿದು ಆಪರೇಷನ್ ಆಯಿತು. ಮತ್ತೆ ಆಡಲು ಹೋದೆ, ಕಾಲು ಮೊದಲಿನ ಹಾಗೆ ತಿರುಗಲಿಲ್ಲ. ಈಗ ಆಫೀಸಿನಲ್ಲಿ ಫೈಲ್ ನೋಡಿಕೊಂಡು ಕೂತಿದ್ದೇನೆ. ಒಂದು ಖಾಸಗಿ ಶಾಲೆಯವರು ಕೋಚ್ ಆಗಿ ಬನ್ನಿ ಅನ್ನುತ್ತಿದ್ದಾರೆ. ಕೆಲಸ ಬಿಟ್ಟು ಹೋಗಲಾ? ಇಂಡಿಯಾ ಆಡದವಳ ಮಾತು ಯಾರು ಕೇಳುತ್ತಾರೆ ಅಂತ ಜೊತೆಯವರು ಅನ್ನುತ್ತಾರೆ. ಹೆಂಗಸು ಹುಡುಗಿಯರಿಗಷ್ಟೇ ಕೋಚ್ ಆಗಬಹುದು ಅಂತಲೂ ಹೇಳುತ್ತಾರೆ. ಮೊಣಕಾಲು ತಡೆಯುತ್ತದಾ ಅನ್ನುವ ಭಯ ಬೇರೆ. ಇನ್ನೊಂದು ವಿಷಯ. ನಮ್ಮ ಬಡಾವಣೆಯ ಮಕ್ಕಳಿಗೆ ಭಾನುವಾರ ಸುಮ್ನೆ ಹೇಳಿಕೊಡುತ್ತೇನೆ. ಹನ್ನೆರಡು ವರ್ಷದ ಒಬ್ಬ ಹುಡುಗಿಗೆ ಎಷ್ಟು ಹೇಳಿದರೂ ಲೇ-ಅಪ್, ಅಂದರೆ ಓಡಿ ಬಂದು ಹಾರಿ ಹತ್ತಿರದಿಂದ ಬಾಲ್ ಹಾಕುವುದು, ಬರಲಿಲ್ಲ. ರೇಗಿಬಿಟ್ಟೆ. ಎರಡು ವಾರ ಅವಳು ಬರಲೇ ಇಲ್ಲ. ಈ ಭಾನುವಾರ ಬರುತ್ತಾಳೆ ಅಂತ ಅವಳ ಅಮ್ಮ ಹೇಳಿದರು. ನನಗೆ ಕಲಿಸುವ ತಾಳ್ಮೆಯೇ ಇಲ್ಲವೇನೋ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ಹುಡುಗಿಯ ವಿಷಯವನ್ನು ನೀವು ನಾಚಿಕೊಂಡೇ ಕೊನೆಗೆ ಬರೆದಂತಿದೆ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ. ಅಲ್ಲಿಗೆ ಕೊನೆಯಲ್ಲಿ ಬರುತ್ತೇನೆ. ನಾನು 14 ವರ್ಷ ಆಡಿದೆ, 26 ವರ್ಷದಿಂದ ಕಲಿಸುತ್ತಿದ್ದೇನೆ. ನಾನೂ ಇಂಡಿಯಾ ಆಡಿದವಳಲ್ಲ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆ ನನಗೆ ಚೆನ್ನಾಗಿ ಗೊತ್ತು.

ನಮ್ಮಲ್ಲಿ ಇದೊಂದು ಗಟ್ಟಿ ನಂಬಿಕೆ. ಚೆನ್ನಾಗಿ ಆಡಿದವರು ಚೆನ್ನಾಗಿ ಕಲಿಸುತ್ತಾರೆ, ಜಾಸ್ತಿ ಆಡಿದವರು ಜಾಸ್ತಿ ಕಲಿಸುತ್ತಾರೆ. ಬಾಸ್ಕೆಟ್‌ಬಾಲ್ ದೊಡ್ಡ ದುಡ್ಡಿನ ಆಟವಾಗಿರುವ ಅಮೆರಿಕದಲ್ಲೂ ಈ ನಂಬಿಕೆ ಇತ್ತು. ಅಲ್ಲಿ ನಡೆದದ್ದನ್ನು ನೋಡಿ. ಮ್ಯಾಜಿಕ್ ಜಾನ್ಸನ್ ಅಂದರೆ ಪಾಯಿಂಟ್ ಗಾರ್ಡ್‌ಗಳ ಪಾಲಿನ ದೇವರು, ನಿಮಗೆ ಹೇಳಬೇಕಾಗಿಲ್ಲ. ಆಟಗಾರರಾಗಿ ಲೇಕರ್ಸ್ ತಂಡದ ಜೊತೆ ಅಲ್ಲಿನ ಪುರುಷರ ಲೀಗ್ ಎನ್‌ಬಿಎಯ ಐದು ಕಪ್ ಗೆದ್ದವರು. 1994ರಲ್ಲಿ ಅದೇ ತಂಡಕ್ಕೆ ಸೀಸನ್ನಿನ ಕೊನೆಯ 16 ಪಂದ್ಯಗಳಿಗೆ ಕೋಚ್ ಆದರು. ಐದು ಗೆದ್ದರು, ಹನ್ನೊಂದು ಸೋತರು. ಕೊನೆಯ ಹತ್ತು ಪಂದ್ಯವನ್ನಂತೂ ಸಾಲಾಗಿ ಸೋತರು. ಈ ಕೆಲಸ ನನ್ನದಲ್ಲ ಅಂತ ಅಲ್ಲಿಗೇ ಬಿಟ್ಟರು.

ಇನ್ನೊಂದು ಕಡೆ ಸ್ಟೀವ್ ಕೆರ್. ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1988ರಲ್ಲಿ, ಅವರನ್ನು ಆರಿಸಿದ್ದು 50ನೆಯವರಾಗಿ. ಕಾಲೇಜಿನಲ್ಲಿದ್ದಾಗಲೇ, 1986ರಲ್ಲಿ, ಮೊಣಕಾಲಿನ ಲಿಗಮೆಂಟ್ ಹರಿದು ಒಂದು ಇಡೀ ಸೀಸನ್ ಮನೆಯಲ್ಲಿ ಕೂತವರು. ಎನ್‌ಬಿಎಯಲ್ಲಿ 910 ಪಂದ್ಯ ಆಡಿದರು, ಮೊದಲ ಐವರಲ್ಲಿ ಇಳಿದದ್ದು 30ರಲ್ಲಿ ಮಾತ್ರ. ಉಳಿದದ್ದೆಲ್ಲ ಬೆಂಚಿನಿಂದ ಎದ್ದು ಬಂದು ಆಡಿದ್ದು. ಪಂದ್ಯಕ್ಕೆ ಸರಾಸರಿ ಆರು ಪಾಯಿಂಟ್. ಆದರೆ ಮೂರು ಪಾಯಿಂಟಿನ ಶಾಟ್‌ನಲ್ಲಿ ಅವರ ಶೇ. 45.4ರ ಲೆಕ್ಕವನ್ನು ಇವತ್ತಿಗೂ ಯಾರೂ ದಾಟಿಲ್ಲ. 1997ರ ಫೈನಲ್‌ನ ಆರನೇ ಪಂದ್ಯದಲ್ಲಿ ಜೋರ್ಡಾನ್ ಕೊಟ್ಟ ಪಾಸ್ ಹಿಡಿದು ಗೆಲುವಿನ ಶಾಟ್ ಹಾಕಿದ್ದು ಈ ಬೆಂಚಿನ ಆಟಗಾರನೇ. 2014ರಲ್ಲಿ ಗೋಲ್ಡನ್ ಸ್ಟೇಟ್ ತಂಡಕ್ಕೆ ಕೋಚ್ ಆದ ಮೊದಲ ಸೀಸನ್ನಿನಲ್ಲೇ 67 ಪಂದ್ಯ ಗೆದ್ದು, ಕಪ್ಪನ್ನೂ ತಂದರು. ಆಮೇಲೆ 2017, 2018, 2022ರಲ್ಲಿ ಮತ್ತೆ ಗೆದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಚಿನ್ನ ಬಂದಾಗಲೂ ಕೋಚ್ ಅವರೇ.

ಎರಿಕ್ ಸ್ಪೋಲ್‌ಸ್ಟ್ರಾ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಿಲ್ಲ. 1995ರಲ್ಲಿ ಮಯಾಮಿ ಹೀಟ್ ತಂಡದ ವಿಡಿಯೊ ರೂಮಿಗೆ ಕೆಲಸಕ್ಕೆ ಸೇರಿದರು. 2008ರಲ್ಲಿ ಮುಖ್ಯ ಕೋಚ್ ಆದರು, 2012 ಮತ್ತು 2013ರಲ್ಲಿ ಕಪ್ ಗೆದ್ದರು.

ಹಾಗಂತ ದೊಡ್ಡ ಆಟಗಾರರಿಗೆ ಕಲಿಸಲು ಬರುವುದಿಲ್ಲ ಅಂತ ತಿಳಿಯಬೇಡಿ. ಬಿಲ್ ರಸೆಲ್ 1966ರಿಂದ 1969ರವರೆಗೆ ಬಾಸ್ಟನ್ ಸೆಲ್ಟಿಕ್ಸ್‌ನಲ್ಲಿ ಆಡುತ್ತಲೇ ಕೋಚ್ ಕೂಡ ಆಗಿದ್ದರು, ಎರಡು ಕಪ್ ಗೆದ್ದರು. ಲೆನಿ ವಿಲ್ಕೆನ್ಸ್ ಬಾಸ್ಕೆಟ್‌ಬಾಲ್ ಸಾಧಕರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಆಟಗಾರರಾಗಿ ಒಮ್ಮೆ, ಕೋಚ್ ಆಗಿ ಇನ್ನೊಮ್ಮೆ ಹೋದವರು. ನಾನು ಹೇಳುವುದು ಇಷ್ಟೆ. ಆಡುವುದು ಒಂದು ಕಸುಬು, ಕಲಿಸುವುದು ಇನ್ನೊಂದು. ಮೊದಲನೆಯದರಲ್ಲಿ ಎಷ್ಟು ಮೇಲೆ ಹೋಗಿದ್ದರೂ ಎರಡನೆಯದನ್ನು ಒಂದನೇ ಕ್ಲಾಸಿನಿಂದಲೇ ಶುರು ಮಾಡಬೇಕು.

ಯಾಕೆ ಹೀಗೆ? ಸಾರಿಗೆ ಉಪ್ಪು ಎಷ್ಟು ಅಂತ ಅಜ್ಜಿಯನ್ನು ಕೇಳಿ ನೋಡಿ. "ರುಚಿಗೆ ತಕ್ಕಷ್ಟು" ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ. ಅವರ ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ನೀವು ಇಪ್ಪತ್ತು ವರ್ಷ ಲೇ-ಅಪ್ ಹಾಕಿದ್ದೀರಿ. ಬಲಗಾಲು, ಎಡಗಾಲು, ಹಾರು ಅನ್ನುವುದು ನಿಮ್ಮ ತಲೆಯನ್ನು ಬಿಟ್ಟು ಕಾಲಿಗೆ ಇಳಿದು ಯಾವುದೋ ಕಾಲವಾಯಿತು. ಇಳಿದದ್ದರಿಂದಲೇ ನೀವು ಆಡಬಲ್ಲವರಾದಿರಿ. ಪಂದ್ಯದಲ್ಲಿ ಹೆಜ್ಜೆ ಎಣಿಸುತ್ತ ಕೂತರೆ ಬಾಲ್ ಹೋಗಿರುತ್ತದೆ. ಆದರೆ ಕಲಿಸುವಾಗ ಅದನ್ನೆಲ್ಲ ಮತ್ತೆ ಮೇಲಕ್ಕೆ ಎಳೆದು, ಬಿಡಿಸಿ, ಒಂದೊಂದಾಗಿ ಎದುರಿಗೆ ಇಡಬೇಕು. ಸುಲಭವಾಗಿ ಕಲಿತವರಿಗೆ ಇದು ಜಾಸ್ತಿ ಕಷ್ಟ. ಯಾಕೆಂದರೆ ಎಲ್ಲಿ ಎಡವುತ್ತಾರೆ ಅನ್ನುವುದು ಅವರಿಗೆ ನೆನಪಿರುವುದಿಲ್ಲ. ಕಷ್ಟಪಟ್ಟು ಕಲಿತವರಿಗೆ ನೆನಪಿರುತ್ತದೆ.

ಬೆಂಚಿನ ವಿಷಯವೂ ಇದೆ. ಬೆಂಚಿನಲ್ಲಿ ಕೂತವರಿಗೆ ಆಟ ಕೋಚ್‌ಗೆ ಕಾಣುವ ಕಡೆಯಿಂದಲೇ ಕಾಣುತ್ತದೆ. ಯಾರು ಸುಸ್ತಾಗಿದ್ದಾರೆ, ಯಾರು ಡಿಫೆನ್ಸ್‌ಗೆ ವಾಪಸ್ ಓಡುತ್ತಿಲ್ಲ, ಟೈಮ್‌ಔಟ್‌ನಲ್ಲಿ ಹೇಳಿದ್ದನ್ನು ಯಾರು ಕೇಳಿಸಿಕೊಳ್ಳಲಿಲ್ಲ, ಎಲ್ಲ ಕಾಣುತ್ತದೆ. ನೀವು ಪಾಯಿಂಟ್ ಗಾರ್ಡ್. ಐದೂ ಜನರ ಜಾಗ ನಿಮಗೆ ಬಾಯಿಪಾಠ. ಅದು ದೊಡ್ಡ ಬಂಡವಾಳ, ಕಡಿಮೆ ಅಂದುಕೊಳ್ಳಬೇಡಿ.

ಇನ್ನು ಯಾರು ಮಾತು ಕೇಳುತ್ತಾರೆ ಅನ್ನುವುದು. ಮಕ್ಕಳು ನಿಮ್ಮ ಸರ್ಟಿಫಿಕೇಟ್ ನೋಡಿ ಮೊದಲ ಎರಡು ವಾರ ಕೇಳುತ್ತಾರೆ. ಮೂರನೇ ವಾರದಿಂದ ನೀವು ಹೇಳಿದ ಹಾಗೆ ಮಾಡಿದರೆ ಬಾಲ್ ಒಳಗೆ ಹೋಗುತ್ತದಾ ಅಂತ ಮಾತ್ರ ನೋಡುತ್ತಾರೆ. ಆಟಗಾರರಾಗಿ ಐದು, ಕೋಚ್ ಆಗಿ ಎರಡು ಕಪ್ ಇದ್ದ ಕೆರ್‌ಗೂ 2018ರಲ್ಲಿ ತನ್ನ ದನಿ ಆಟಗಾರರ ಕಿವಿಗೆ ಬೀಳುತ್ತಿಲ್ಲ ಅನ್ನಿಸಿತು. ಆ ವರ್ಷದ ಫೆಬ್ರವರಿ 12ರಂದು ಫೀನಿಕ್ಸ್ ಎದುರು ಟೈಮ್‌ಔಟ್ ಬೋರ್ಡನ್ನು ಆಟಗಾರರ ಕೈಗೇ ಕೊಟ್ಟರು. ನೀವೇ ಪ್ಲೇ ಬರೆಯಿರಿ ಅಂದರು. 129-83ಕ್ಕೆ ಗೆದ್ದರು. ಎದುರು ತಂಡಕ್ಕೆ ಅವಮಾನ ಅಂತ ಕೆಲವರು ಬೈದರು. ನನಗೆ ಅದರಲ್ಲಿ ಕಂಡದ್ದು ಬೇರೆ. ಹಳೆಯ ಹೆಸರಿನ ಮೇಲೆ ಕೂತು ಕೇಳಿಸಿಕೊಳ್ಳಿ ಅನ್ನಲು ಅಷ್ಟು ದೊಡ್ಡ ಮನುಷ್ಯನಿಗೂ ಆಗುವುದಿಲ್ಲ.

ಈಗ ನಿಮಗೆ ನಿಜವಾಗಿ ಹತ್ತಿರದ ಕತೆಗೆ ಬರುತ್ತೇನೆ. ಬೆಕಿ ಹ್ಯಾಮನ್.

1977ರಲ್ಲಿ ಅಮೆರಿಕದ ಸೌತ್ ಡಕೋಟಾ ರಾಜ್ಯದ ರ‍್ಯಾಪಿಡ್ ಸಿಟಿಯಲ್ಲಿ ಹುಟ್ಟಿದವರು. ಎತ್ತರ ಐದಡಿ ಆರಿಂಚು. ಕಾಲೇಜಿನಲ್ಲಿ ರಾಶಿ ಪಾಯಿಂಟ್ ಹಾಕಿದ್ದರೂ 1999ರ ಮಹಿಳಾ ಲೀಗ್‌ನ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. 1998ರ ಕೊನೆಯಲ್ಲಿ ಇನ್ನೊಂದು ಮಹಿಳಾ ಲೀಗ್ ಮುಚ್ಚಿಹೋಗಿ ಅಲ್ಲಿನ ಅನುಭವಿ ಆಟಗಾರ್ತಿಯರೆಲ್ಲ ಇದೇ ಬಾಗಿಲಿಗೆ ಬಂದಿದ್ದರು. ಹ್ಯಾಮನ್ ನ್ಯೂಯಾರ್ಕ್ ಲಿಬರ್ಟಿ ತಂಡವನ್ನು ಬದಲಿ ಆಟಗಾರ್ತಿಯಾಗಿ ಸೇರಿದರು. ಅಲ್ಲಿಂದ 16 ಸೀಸನ್ ಆಡಿದರು. 2007ರಿಂದ ಸ್ಯಾನ್ ಆಂಟೋನಿಯೊ ತಂಡದಲ್ಲಿ. ಲೀಗ್‌ನ ಅತ್ಯುತ್ತಮರನ್ನು ಆರಿಸುವ ಆಲ್-ಸ್ಟಾರ್ ಪಂದ್ಯಕ್ಕೆ ಆರು ಸಲ ಆಯ್ಕೆಯಾದರು. ಆದರೂ ಅಮೆರಿಕದ ಒಲಿಂಪಿಕ್ ತಂಡದಲ್ಲಿ ಜಾಗ ಸಿಗಲಿಲ್ಲ. ನೀವು ಆ ಹನ್ನೆರಡರ ಪಟ್ಟಿಯ ಬಗ್ಗೆ ಬರೆದಿದ್ದೀರಲ್ಲ, ಅಂಥದೇ ನೋವು. ಅವರು ರಷ್ಯಾದ ಪೌರತ್ವ ಪಡೆದು 2008ರ ಬೀಜಿಂಗ್‌ನಲ್ಲಿ ಆ ದೇಶಕ್ಕೆ ಆಡಿ ಕಂಚು ಗೆದ್ದರು.

2012ರಲ್ಲಿ ಲಂಡನ್ ಒಲಿಂಪಿಕ್ಸ್ ಮುಗಿಸಿ ವಾಪಸ್ ಬರುವ ವಿಮಾನದಲ್ಲಿ ಅವರ ಪಕ್ಕದ ಸೀಟಿನಲ್ಲಿ ಕೂತವರು ಗ್ರೆಗ್ ಪೊಪೊವಿಚ್. ಆಗ ಸ್ಯಾನ್ ಆಂಟೋನಿಯೊದ ಪುರುಷರ ತಂಡ ಸ್ಪರ್ಸ್‌ನ ಕೋಚ್. ಇಬ್ಬರೂ ದಾರಿಯುದ್ದಕ್ಕೂ ಮಾತಾಡಿದರು, ಬಾಸ್ಕೆಟ್‌ಬಾಲ್‌ಗಿಂತ ಬೇರೆ ವಿಷಯಗಳನ್ನೇ ಜಾಸ್ತಿ. ಮರುವರ್ಷ ಜುಲೈನಲ್ಲಿ ಹ್ಯಾಮನ್ ಅವರ ಎಸಿಎಲ್ ಹರಿಯಿತು. ನಿಮ್ಮದೇ ಎಡ ಮೊಣಕಾಲು, 36ನೇ ವಯಸ್ಸಿನಲ್ಲಿ.

ಇಲ್ಲಿ ಅವರು ಮಾಡಿದ್ದನ್ನು ಗಮನಿಸಿ. ಕಾಲು ವಾಸಿಯಾಗುವ ತನಕ ಮನೆಯಲ್ಲಿ ಕೂರಲಿಲ್ಲ. ಸ್ಪರ್ಸ್‌ನ ಪ್ರಾಕ್ಟೀಸ್‌ಗೆ ಹೋಗಿ ನೋಡುತ್ತ ನಿಂತರು. ಕೋಚ್‌ಗಳ ಮೀಟಿಂಗ್‌ನಲ್ಲಿ ಕೂತರು, ವಿಡಿಯೊ ನೋಡುವಾಗ ಜೊತೆಗಿದ್ದರು. ಒಂದು ಇಡೀ ಸೀಸನ್ ಹೀಗೆ. ಆಟ ಬಿಡುವ ಮೊದಲೇ ಇನ್ನೊಂದು ಕಸುಬಿನ ಬಾಗಿಲಲ್ಲಿ ಕಾಲಿಟ್ಟಿದ್ದರು. 2014ರ ಆಗಸ್ಟ್‌ನಲ್ಲಿ ಪೊಪೊವಿಚ್ ಅವರನ್ನು ಪೂರ್ಣಾವಧಿ ಸಹಾಯಕ ಕೋಚ್ ಆಗಿ ಸೇರಿಸಿಕೊಂಡರು. ಎನ್‌ಬಿಎಯಲ್ಲಿ ಒಬ್ಬ ಹೆಂಗಸಿಗೆ ಸಂಬಳದ ಆ ಹುದ್ದೆ ಸಿಕ್ಕಿದ್ದು ಅದೇ ಮೊದಲು.

ಆಮೇಲೆ ಎಂಟು ಸೀಸನ್ ಸಹಾಯಕಿಯಾಗಿಯೇ ಇದ್ದರು. ಎಂಟು. 2015ರಲ್ಲಿ ಲಾಸ್ ವೇಗಸ್‌ನ ಸಮ್ಮರ್ ಲೀಗ್‌ನಲ್ಲಿ ಸ್ಪರ್ಸ್‌ನ ಹುಡುಗರನ್ನು ಗೆಲ್ಲಿಸಿದರು. 2020ರ ಡಿಸೆಂಬರ್ 30ರಂದು ರೆಫರಿ ಪೊಪೊವಿಚ್ ಅವರನ್ನು ಹೊರಗೆ ಕಳಿಸಿದಾಗ ಉಳಿದ ಪಂದ್ಯವನ್ನು ನಡೆಸಿದರು. ಎದುರಿಗಿದ್ದದ್ದು ಲೇಕರ್ಸ್. ಎನ್‌ಬಿಎಯ ಸೀಸನ್ ಪಂದ್ಯವೊಂದನ್ನು ಒಬ್ಬ ಹೆಂಗಸು ಹಾಗೆ ನಡೆಸಿದ್ದು ಅಲ್ಲಿಯವರೆಗೆ ಆಗಿರಲಿಲ್ಲ. ಆದರೂ ಆ ಲೀಗ್‌ನಲ್ಲಿ ಮುಖ್ಯ ಕೋಚ್ ಹುದ್ದೆ ಅವರಿಗೆ ಸಿಗಲಿಲ್ಲ, ಇದನ್ನೂ ಮುಚ್ಚಿಡುವುದಿಲ್ಲ. 2022ರಲ್ಲಿ ಮಹಿಳಾ ಲೀಗ್‌ನ ಲಾಸ್ ವೇಗಸ್ ಏಸಸ್‌ಗೆ ಮುಖ್ಯ ಕೋಚ್ ಆದರು. ಅದು ಅವರು ಆಡಿದ್ದ ಸ್ಯಾನ್ ಆಂಟೋನಿಯೊ ತಂಡವೇ, ಊರು ಬದಲಾಯಿಸಿತ್ತು ಅಷ್ಟೆ. ಮೊದಲ ವರ್ಷವೇ ಕಪ್, ಮರುವರ್ಷ ಇನ್ನೊಂದು, 2025ರಲ್ಲಿ ಮೂರನೆಯದು.

ಹೊರಗಿನಿಂದ ನೋಡಿದವರಿಗೆ ಮೊದಲ ವರ್ಷವೇ ಗೆದ್ದರು ಅಂತ ಕಾಣುತ್ತದೆ. ಅದರ ಹಿಂದೆ ಕಾಲಿಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಕೂತ ಒಂದು ಸೀಸನ್, ಇನ್ನೊಬ್ಬರ ಕೈಕೆಳಗೆ ದುಡಿದ ಎಂಟು ಸೀಸನ್ ಇವೆ. ಕೆರ್ ಕೂಡ ಹಾಗೆಯೇ. ಅವರು ಯಾರಿಗೂ ಸಹಾಯಕರಾಗಿರದೆ ನೇರ ಕೋಚ್ ಆದರು, ನಿಜ. ಆದರೆ ಆಟ ಬಿಟ್ಟದ್ದು 2003ರಲ್ಲಿ, ಕೋಚ್ ಆದದ್ದು 2014ರಲ್ಲಿ. ಮಧ್ಯೆ ಟಿವಿ ಕಾಮೆಂಟರಿ ಮಾಡಿದರು, ಫೀನಿಕ್ಸ್ ತಂಡದ ಜನರಲ್ ಮ್ಯಾನೇಜರ್ ಆಗಿದ್ದರು, ತಾನು ಕೋಚ್ ಆದರೆ ಏನು ಮಾಡಬೇಕು ಅಂತ ಬರೆದಿಟ್ಟುಕೊಂಡರು. ಕೆಲಸ ಸಿಕ್ಕ ಕೂಡಲೇ ಆಲ್ವಿನ್ ಜೆಂಟ್ರಿ, ರಾನ್ ಆ್ಯಡಮ್ಸ್ ಅಂಥ ಹಳಬರನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಹಿಂದಿನ ವರ್ಷ ಆ ತಂಡ ಪಂದ್ಯಕ್ಕೆ ಸುಮಾರು 247 ಪಾಸ್ ಕೊಡುತ್ತಿತ್ತು, ಇಡೀ ಲೀಗ್‌ನಲ್ಲೇ ಕಡಿಮೆ. ಅದನ್ನು 300ಕ್ಕೆ ಏರಿಸಬೇಕು ಅಂತ ಗುರಿ ಇಟ್ಟರು. ಬಾಲ್ ಹಂಚಿಕೊಂಡು ಆಡಿ ಅಂತ ಎಲ್ಲ ಕೋಚ್‌ಗಳೂ ಹೇಳುತ್ತಾರೆ. ಇವರು ಅದನ್ನು ಎಣಿಸಬಹುದಾದ ಒಂದು ಅಂಕಿ ಮಾಡಿ ಎದುರಿಗಿಟ್ಟರು. ನೀವು ಕಲಿಯಬೇಕಾದದ್ದು ಇದು.

ಅದೇ 2014ರಲ್ಲಿ ಡೆರೆಕ್ ಫಿಷರ್ 18 ಸೀಸನ್ ಆಡಿ ಮುಗಿಸಿ, ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ನಿಕ್ಸ್‌ಗೆ ಕೋಚ್ ಆದರು. ಕೆರ್ ಬೇಡ ಅಂದಿದ್ದ ಕೆಲಸ ಅದು. ಐದು ಕಪ್ ಗೆದ್ದ ಪಾಯಿಂಟ್ ಗಾರ್ಡ್, ಬುದ್ಧಿವಂತ ಆಟಗಾರ. ಮೊದಲ ಸೀಸನ್ನಿನಲ್ಲಿ 17 ಗೆಲುವು, 65 ಸೋಲು. ಎರಡನೆಯದರ ಮಧ್ಯದಲ್ಲೇ ತೆಗೆದರು. ತಂಡವೂ ದುರ್ಬಲವಾಗಿತ್ತು, ಎಲ್ಲ ತಪ್ಪು ಅವರದೇ ಅಲ್ಲ. ಆದರೆ ಕಲಿಯಲು ಸಮಯವನ್ನೇ ಕೊಡದೆ ಒಬ್ಬರನ್ನು ಮುಂದೆ ನಿಲ್ಲಿಸಿದರೆ ಹೀಗಾಗುವ ಅಪಾಯ ಜಾಸ್ತಿ.

ಈಗ ನಿಮ್ಮ ಶಾಲೆಯ ಆಫರ್. ಅವರು ನಿಮ್ಮನ್ನು ಒಬ್ಬರನ್ನೇ ಕರೆಯುತ್ತಿದ್ದಾರೆ, ಮೇಲೆ ಸೀನಿಯರ್ ಕೋಚ್ ಇಲ್ಲ, ಅಲ್ವಾ? ಅಲ್ಲಿಗೆ ನೀವೂ ಫಿಷರ್ ಇದ್ದ ಜಾಗದಲ್ಲೇ ನಿಲ್ಲುತ್ತೀರಿ. ನನ್ನ ಅನುಭವದಲ್ಲಿ ಖಾಸಗಿ ಶಾಲೆಯ ಕೋಚ್ ಕೆಲಸ ಬಹಳ ಕಡೆ ವರ್ಷ ವರ್ಷದ ಕರಾರು. ಅಡ್ಮಿಷನ್ ಕಾಲದಲ್ಲಿ ಇಂಟರ್‌ಸ್ಕೂಲ್ ಕಪ್ ತೋರಿಸಬೇಕು, ಹಾಗಾಗಿ ಮೊದಲ ವರ್ಷವೇ ಗೆಲ್ಲಬೇಕು ಅನ್ನುತ್ತಾರೆ. ಸ್ಪೋರ್ಟ್ಸ್ ಡೇ ಬಂದರೆ ಒಂದು ತಿಂಗಳು ಮಾರ್ಚ್‌ಪಾಸ್ಟ್ ಮಾಡಿಸಲು ನಿಲ್ಲಿಸುತ್ತಾರೆ. ಎತ್ತರದ ನಾಲ್ಕು ಮಕ್ಕಳನ್ನೇ ಆಡಿಸಿ ಗೆದ್ದುಬಿಡುವ ಆಸೆ ಆಗುತ್ತದೆ, ಉಳಿದ ಮೂವತ್ತು ಮಕ್ಕಳು ಸಾಲಿನಲ್ಲಿ ನಿಂತೇ ವರ್ಷ ಕಳೆಯುತ್ತಾರೆ. ನಾನೇ ಹಾಗೆ ಮಾಡಿದ್ದೇನೆ. ಒಂದು ಶಾಲೆಗೆ ಎರಡು ಕಪ್ ತಂದುಕೊಟ್ಟೆ. ಮೂರನೇ ವರ್ಷ ಆ ನಾಲ್ವರು ಪಾಸಾಗಿ ಹೋದರು, ಬಾಲ್ ಹಿಡಿಯಲು ಬರುವ ಇನ್ನೊಂದು ಮಗು ಉಳಿದಿರಲಿಲ್ಲ. ಅದು ಇವತ್ತಿಗೂ ನನಗೆ ಬೇಜಾರು.

ಹಾಗಾಗಿ ನೇರವಾಗಿ ಹೇಳುತ್ತೇನೆ. ಕೆಲಸ ಬಿಡಬೇಡಿ, ಈಗ ಬೇಡ. ನಮ್ಮಲ್ಲಿ ಆಟಗಾರರನ್ನು ಸಾಕಿರುವುದು ಸ್ಪೋರ್ಟ್ಸ್ ಕೋಟಾದ ಕೆಲಸವೇ. ತಿಂಗಳ ಸಂಬಳದ ನೆಲ ಕಾಲಡಿ ಇದ್ದಾಗ ನೀವು ಸೋಲಬಹುದು, ತಪ್ಪು ಮಾಡಬಹುದು, ನಿಧಾನವಾಗಿ ಕಲಿಯಬಹುದು. ಹತ್ತಿರದ ಯಾವುದಾದರೂ ಕ್ಲಬ್‌ನಲ್ಲಿ ನಿಮಗಿಂತ ಹತ್ತು ಹದಿನೈದು ವರ್ಷ ಹೆಚ್ಚು ಕಲಿಸಿದವರನ್ನು ಹುಡುಕಿ. ಬೆಳಿಗ್ಗೆಯೋ ಸಂಜೆಯೋ ಅವರ ಸಹಾಯಕಿಯಾಗಿ ನಿಲ್ಲಿ. ಕೋನ್ ಜೋಡಿಸಿ, ಸ್ಕೋರ್ ಬರೆಯಿರಿ, ಚಿಕ್ಕ ಮಕ್ಕಳ ಗುಂಪು ನೋಡಿಕೊಳ್ಳಿ. ಹಣ ಹೆಚ್ಚೇನೂ ಬರುವುದಿಲ್ಲ. ನ್ಯಾಷನಲ್ಸ್ ಆಡಿದವಳು ಕೋನ್ ಜೋಡಿಸೋದಾ ಅಂತ ಮನಸ್ಸು ಕೇಳುತ್ತದೆ. ಹ್ಯಾಮನ್ ಆಲ್-ಸ್ಟಾರ್ ಆಗಿದ್ದವರು ಎಂಟು ವರ್ಷ ಇನ್ನೊಬ್ಬರ ಪಕ್ಕದಲ್ಲಿ ಕೂತರು ಅನ್ನುವುದನ್ನು ನೆನಪಿಸಿಕೊಳ್ಳಿ.

ಒಂದು ಎಚ್ಚರಿಕೆ. ಸರ್ಕಾರಿ ಕೆಲಸದಲ್ಲಿದ್ದುಕೊಂಡು ಹೊರಗೆ ಹಣ ಪಡೆದು ಕಲಿಸುವುದಾದರೆ ಇಲಾಖೆಯಿಂದ ಲಿಖಿತ ಅನುಮತಿ ಪಡೆಯಿರಿ. ಬಾಯಿಮಾತಿನಲ್ಲಿ ಆಯ್ತು ಹೋಗಮ್ಮ ಅಂದದ್ದನ್ನು ನಂಬಬೇಡಿ. ಸಾಹೇಬರು ಬದಲಾದರೆ ಅದೇ ವಿಷಯಕ್ಕೆ ನೋಟಿಸ್ ಬರುತ್ತದೆ. ನಿಮ್ಮ ಇಲಾಖೆ ತಂಡಕ್ಕೇ ಸಹಾಯಕ ಕೋಚ್ ಬೇಕಾ ಅಂತಲೂ ಕೇಳಿ ನೋಡಿ. ಅಲ್ಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಎನ್‌ಐಎಸ್, ಅಂದರೆ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಕೋರ್ಸ್, ಮಾಡಬೇಕಾ ಅಂತ ನೀವು ಕೇಳಿಲ್ಲ, ಆದರೆ ಮುಂದೆ ಕೇಳಿಯೇ ಕೇಳುತ್ತೀರಿ. ಸರ್ಕಾರಿ ಕೋಚ್ ಹುದ್ದೆಗೆ ಸಾಮಾನ್ಯವಾಗಿ ಪಟಿಯಾಲದ ಎನ್‌ಐಎಸ್ ಡಿಪ್ಲೊಮಾ ಕೇಳುತ್ತಾರೆ. ಅದಕ್ಕೆ ಸುಮಾರು ಒಂದು ವರ್ಷ ಬೇಕು, ಮನೆ ಬಿಟ್ಟಿರಬೇಕು. ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್ ಕೂಡ ಇದೆ. ಶಾಲೆಯಲ್ಲಿ ದೈಹಿಕ ಶಿಕ್ಷಕಿ ಆಗಬೇಕಾದರೆ ಬಿ.ಪಿ.ಎಡ್ ಬೇರೆ ದಾರಿ. ನನ್ನ ಸಲಹೆ, ಮೊದಲು ಒಂದು ವರ್ಷ ಮಕ್ಕಳ ಜೊತೆ ಕಳೆಯಿರಿ, ಆಮೇಲೆ ಆರು ವಾರಗಳ ಕೋರ್ಸ್‌ಗೆ ರಜೆ ಹಾಕಿ. ಕಲಿಸಿ ಒದ್ದಾಡಿದವರಿಗೆ ಆ ಪಾಠ ತಲೆಗೆ ಹೋಗುವ ರೀತಿಯೇ ಬೇರೆ. ಡಿಪ್ಲೊಮಾ ಅದರ ನಂತರದ ಮಾತು.

ಸ್ವಂತ ಅಕಾಡೆಮಿ ಮಾಡು ಅಂತ ಯಾರಾದರೂ ಹುರಿದುಂಬಿಸಿದರೆ ಸದ್ಯ ಬೇಡ ಅನ್ನಿ. ಏಪ್ರಿಲ್, ಮೇನಲ್ಲಿ ಬೇಸಿಗೆ ಶಿಬಿರಕ್ಕೆ ಎಂಬತ್ತು ಮಕ್ಕಳು ಬರುತ್ತಾರೆ. ಜೂನ್‌ನಲ್ಲಿ ಶಾಲೆ ಶುರುವಾಗಿ ಮಳೆ ಹಿಡಿದರೆ ಹದಿನೈದು ಉಳಿಯುತ್ತಾರೆ. ಕೋರ್ಟ್ ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಕಟ್ಟಬೇಕು.

ಹೆಂಗಸು ಹುಡುಗಿಯರಿಗಷ್ಟೇ ಕೋಚ್ ಅನ್ನುವ ಮಾತಿಗೆ ಹ್ಯಾಮನ್ ಅವರ ಎಂಟು ಸೀಸನ್ನೇ ಉತ್ತರ. ಪಿಕ್-ಅಂಡ್-ರೋಲ್ ಡಿಫೆನ್ಸ್‌ಗೆ ಗಂಡು ಹೆಣ್ಣು ಅಂತ ಇಲ್ಲ. ನಾನು ಅಂಡರ್-16 ಹುಡುಗರ ತಂಡವನ್ನು ಆರು ವರ್ಷ ನೋಡಿಕೊಂಡೆ. ಮೊದಲ ತಿಂಗಳು ಅಪ್ಪಂದಿರು ಗ್ಯಾಲರಿಯಿಂದ ಕೂಗಿ ಸಲಹೆ ಕೊಡುತ್ತಿದ್ದರು. ಹುಡುಗರಿಗೆ ಯಾವ ತೊಂದರೆಯೂ ಇರಲಿಲ್ಲ. ಆದರೂ ಹುಡುಗಿಯರ ತಂಡ ಸಿಕ್ಕರೆ ಅದನ್ನು ಕಡಿಮೆ ಅಂತ ತಿಳಿಯಬೇಡಿ. ಹದಿಮೂರು ಹದಿನಾಲ್ಕನೇ ವಯಸ್ಸಿನಲ್ಲಿ ಎಷ್ಟೋ ಹುಡುಗಿಯರು ಆಟ ಬಿಡುತ್ತಾರೆ. ಮುಟ್ಟಿನ ವಿಷಯ ಗಂಡಸು ಕೋಚ್ ಹತ್ತಿರ ಹೇಳಲಾಗದೆ, ಚಡ್ಡಿ ಹಾಕಲು ಮನೆಯಲ್ಲಿ ಬಿಡದೆ, ಹೊರಊರಿನ ಟೂರ್ನಮೆಂಟ್‌ಗೆ ಜೊತೆಗೆ ಹೆಂಗಸರಿಲ್ಲ ಅಂತ. ನೀವು ನಿಂತರೆ ಆ ಮೂರು ಕಾರಣಗಳಲ್ಲಿ ಎರಡಾದರೂ ಹೋಗುತ್ತವೆ. ಇನ್ನೊಂದು ಕಷ್ಟವನ್ನೂ ಹೇಳಿಬಿಡುತ್ತೇನೆ. ಪ್ರಾಕ್ಟೀಸ್ ನಡೆಯುವುದು ಸಂಜೆ ನಾಲ್ಕೂವರೆಯಿಂದ ಏಳು. ಮನೆಯಲ್ಲಿ ನಿಮ್ಮನ್ನು ಹುಡುಕುವುದೂ ಅದೇ ಹೊತ್ತಿಗೆ. ಶುರು ಮಾಡುವ ಮೊದಲೇ ಮನೆಯವರ ಜೊತೆ ಕೂತು ಮಾತಾಡಿ. ನಾನು ಮಾತಾಡದೆ ಶುರು ಮಾಡಿ ಎರಡು ವರ್ಷ ತುಂಬ ಕಷ್ಟಪಟ್ಟೆ.

ಮೊಣಕಾಲಿನ ವಿಷಯ. ಕೋಚ್ ಓಡಿ ಹಾರಿ ತೋರಿಸಬೇಕಾಗಿಲ್ಲ. ತೋರಿಸಬೇಕಾದದ್ದನ್ನು ನಿಧಾನವಾಗಿ ನಡೆದು ತೋರಿಸಿ, ಪೂರ್ತಿ ವೇಗಕ್ಕೆ ಒಬ್ಬ ಹಿರಿಯ ಹುಡುಗಿಯನ್ನು ಕರೆಯಿರಿ. ನಮ್ಮ ಬಹುಪಾಲು ಕೋರ್ಟ್‌ಗಳು ಕಾಂಕ್ರೀಟ್. ಮೂರು ಗಂಟೆ ಅದರ ಮೇಲೆ ಅಲುಗಾಡದೆ ನಿಂತರೆ ಆಪರೇಷನ್ ಆದ ಮೊಣಕಾಲು ಊದುತ್ತದೆ. ಒಳ್ಳೆಯ ಶೂ ಹಾಕಿ, ನಡುನಡುವೆ ಕೂರಿ, ಫಿಸಿಯೊ ಹೇಳಿದ ತೊಡೆಯ ವ್ಯಾಯಾಮವನ್ನು ಬಿಡಬೇಡಿ. ಮಕ್ಕಳ ಜೊತೆ ಪಂದ್ಯಕ್ಕೆ ಇಳಿದುಬಿಡುವ ಆಸೆ ಬರುತ್ತದೆ. ಇಳಿಯಬೇಡಿ. ನನಗೆ ಗೊತ್ತಿರುವ ಇಬ್ಬರು ಕೋಚ್‌ಗಳ ಎರಡನೇ ಆಪರೇಷನ್ ಆದದ್ದು ಹಾಗೆಯೇ.

ನಿಮ್ಮ ಆ ಗಾಯ ಮಕ್ಕಳಿಗೆ ಉಪಯೋಗಕ್ಕೆ ಬರುವುದು ಇನ್ನೊಂದು ಕಡೆ. ಹುಡುಗರಿಗೆ ಹೋಲಿಸಿದರೆ ಹುಡುಗಿಯರಲ್ಲಿ ಎಸಿಎಲ್ ಹರಿಯುವುದು ಎರಡು ಪಟ್ಟಿಗೂ ಜಾಸ್ತಿ. ಬಹಳಷ್ಟು ಸಲ ಯಾರೂ ಬಂದು ಗುದ್ದಿರುವುದಿಲ್ಲ. ರೀಬೌಂಡ್‌ಗೆ ಹಾರಿ ಇಳಿಯುವಾಗ, ತಟ್ಟನೆ ನಿಂತು ತಿರುಗುವಾಗ ಆಗುತ್ತದೆ. ಕಾಲು ನೆಟ್ಟಗೆ ಇಟ್ಟು ಇಳಿದರೆ, ಮೊಣಕಾಲು ಒಳಕ್ಕೆ ಬಾಗಿದರೆ ಅಪಾಯ. ಇದಕ್ಕೆ ಮದ್ದು ಇದೆ. ವಾರಕ್ಕೆ ಎರಡು ಮೂರು ದಿನ, ಹದಿನೈದು ನಿಮಿಷದ ವಾರ್ಮ್-ಅಪ್‌ನಲ್ಲಿ ಮೊಣಕಾಲು ಬಗ್ಗಿಸಿ, ಮಂಡಿ ಪಾದದ ನೇರಕ್ಕೆ ಇಟ್ಟು, ಸದ್ದಾಗದ ಹಾಗೆ ಇಳಿಯುವುದನ್ನು ಅಭ್ಯಾಸ ಮಾಡಿಸಬೇಕು. ಒಂಟಿ ಕಾಲಿನ ಮೇಲೆ ನಿಲ್ಲುವುದು, ಸೊಂಟ ಮತ್ತು ತೊಡೆಗೆ ಬಲ ಕೊಡುವ ವ್ಯಾಯಾಮ ಸೇರಿಸಬೇಕು. ಇಂಥ ವಾರ್ಮ್-ಅಪ್‌ನಿಂದ ಈ ಗಾಯ ಕಡಿಮೆಯಾಗುತ್ತದೆ ಅನ್ನುವುದು ಅಧ್ಯಯನಗಳಲ್ಲಿ ಸಾಬೀತಾದ ಮಾತು. ನಮ್ಮ ಎಷ್ಟೋ ಕೋರ್ಟ್‌ಗಳಲ್ಲಿ ಇವತ್ತಿಗೂ ನಾಲ್ಕು ರೌಂಡ್ ಓಡಿಸಿ ವಾರ್ಮ್-ಅಪ್ ಮುಗಿಸುತ್ತಾರೆ. ನೀವು ಹಾಗೆ ಮಾಡುವುದಿಲ್ಲ ಅಂತ ನನಗೆ ನಂಬಿಕೆ ಇದೆ.

ಈಗ ಆ ಹುಡುಗಿ.

ನಿಮಗೆ ತಾಳ್ಮೆ ಇಲ್ಲ ಅಂತ ನನಗೆ ಅನ್ನಿಸುವುದಿಲ್ಲ. ಆಪರೇಷನ್ ಆದ ಕಾಲಿನಲ್ಲಿ ಮತ್ತೆ ಕೋರ್ಟ್‌ಗೆ ಇಳಿದವರು ನೀವು. ನಿಮ್ಮ ಹತ್ತಿರ ಆ ಲೇ-ಅಪ್ ಒಂದೇ ತುಂಡಾಗಿತ್ತು. ಅವಳಿಗೆ ಬೇಕಾಗಿದ್ದದ್ದು ನಾಲ್ಕು ತುಂಡು. ಅದು ಕೊಡಲು ಬರದಿದ್ದಾಗ ದನಿ ಏರಿತು. ನನ್ನ ಮೊದಲ ಕ್ಯಾಂಪಿನಲ್ಲಿ ನಾನು ಎಲ್ಲವನ್ನೂ ನಾನೇ ಮಾಡಿ ತೋರಿಸುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು, ಏನೂ ಕಲಿಯುತ್ತಿರಲಿಲ್ಲ. ನಮ್ಮ ಹಿರಿಯ ಕೋಚ್ ಒಬ್ಬರು ಬಂದು, ಇವತ್ತು ಪೂರ್ತಿ ನೀನು ಬಾಲ್ ಮುಟ್ಟಬೇಡಮ್ಮ, ಬರೀ ಅವರ ಕಾಲು ನೋಡು ಅಂದರು. ಅವತ್ತು ಮೊದಲ ಸಲ ನನಗೆ ಮಕ್ಕಳು ಕಂಡರು.

ಈ ಭಾನುವಾರ ಹೀಗೆ ಮಾಡಿ. ಮೊದಲು ಬಾಲ್ ನೋಡಿ. ಅವಳ ಕೈಯಲ್ಲಿ ದೊಡ್ಡವರ 7ನೇ ಸೈಜಿನ ಬಾಲ್ ಇದ್ದಿರಬಹುದು. ಮಹಿಳೆಯರು ಆಡುವುದೇ 6ರಲ್ಲಿ, ಆ ವಯಸ್ಸಿನ ಮಗುವಿಗೆ 5 ಸಾಕು. ರಿಂಗ್ ಕೂಡ ಮಿನಿ ಬಾಸ್ಕೆಟ್‌ಬಾಲ್‌ನಲ್ಲಿ 2.60 ಮೀಟರ್ ಇರುತ್ತದೆ, ನಮ್ಮ ಬಡಾವಣೆಗಳಲ್ಲಿ ಇರುವುದು 3.05. ಅಷ್ಟು ಎತ್ತರಕ್ಕೆ ಭಾರದ ಬಾಲ್ ಎಸೆಯಲು ಮೈಯೆಲ್ಲ ತಿರುಚಿದಾಗ ಹೆಜ್ಜೆ ತಪ್ಪುತ್ತದೆ. ರಿಂಗ್ ಇಳಿಸಲು ಆಗದಿದ್ದರೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆಯಿರಿ, ಅದಕ್ಕೆ ತಾಗಿಸಿದರೆ ಸಾಕು.

ಆಮೇಲೆ ಕೊನೆಯ ಹೆಜ್ಜೆಯಿಂದ ಶುರು ಮಾಡಿ ಹಿಂದಕ್ಕೆ ಕಲಿಸುತ್ತ ಹೋಗಿ. ಓಡಿ ಬರುವುದು ಬೇಡ, ಡ್ರಿಬ್ಲಿಂಗ್ ಬೇಡ. ಗುರಿಯ ಹತ್ತಿರ ನಿಲ್ಲಿಸಿ, ಎಡಗಾಲು ಒಂದು ಹೆಜ್ಜೆ ಇಟ್ಟು ಹಾರಿ ಬಲಗೈಯಲ್ಲಿ ಬಾಲ್ ಹಾಕಲಿ. ಹತ್ತು ಸಲ. ಅದು ಬಂದ ಮೇಲೆ ಒಂದು ಹೆಜ್ಜೆ ಹಿಂದಕ್ಕೆ, ಬಲಗಾಲು, ಎಡಗಾಲು, ಹಾರು. ನೆಲದ ಮೇಲೆ ಎರಡು ಪಾದ ಬರೆದುಬಿಡಿ, ಬಲಕ್ಕೊಂದು ಬಣ್ಣ, ಎಡಕ್ಕೊಂದು ಬಣ್ಣ. ಆಮೇಲೆ ಒಂದು ಡ್ರಿಬಲ್ ಸೇರಿಸಿ. ಓಟ ಎಲ್ಲಕ್ಕಿಂತ ಕೊನೆಗೆ, ಬಹುಶಃ ಮುಂದಿನ ತಿಂಗಳು. ನೀವು ಬಾಲ್ ಮುಟ್ಟಬೇಡಿ. ಕೂತು ಅವಳ ಪಾದ ನೋಡಿ, ಯಾವ ಕಾಲಿನಿಂದ ಹಾರಿದಳು ಅಂತ ಒಂದು ಪುಸ್ತಕದಲ್ಲಿ ಗುರುತು ಹಾಕುತ್ತ ಹೋಗಿ. ಇಪ್ಪತ್ತು ಸಲದಲ್ಲಿ ಎಡಗಾಲು ಎಷ್ಟು ಸಲ ಬಂತು ಅಂತ ಕೊನೆಯಲ್ಲಿ ಅವಳಿಗೇ ತೋರಿಸಿ.

ಶುರು ಮಾಡುವ ಮೊದಲು, ಅವತ್ತು ನಾನು ರೇಗಬಾರದಿತ್ತು ಕಣೇ, ನಾನು ಹೇಳಿಕೊಟ್ಟ ರೀತಿಯೇ ಸರಿ ಇರಲಿಲ್ಲ ಅಂತ ಅವಳಿಗೆ ಹೇಳಿ. ಉಳಿದ ಮಕ್ಕಳ ಎದುರಿಗೇ ಹೇಳಿ. ಆ ಪುಸ್ತಕದ ಲೆಕ್ಕವನ್ನು ಒಂದು ತಿಂಗಳಾದ ಮೇಲೆ ನನಗೆ ಬರೆದು ಕಳಿಸಿ, ಮುಂದಿನದನ್ನು ಅದನ್ನು ನೋಡಿ ಮಾತಾಡೋಣ.